ಅಕ್ಕನ ಎಂಟು, ನನ್ನ ನಾಲ್ಕು

ಫೋನ್ ಎತ್ತಿದ ಕೂಡಲೇ ಮೊದಲು ಕೇಳಿಸುತ್ತಿದ್ದುದು ಬಳೆಗಳ ಸದ್ದು. ಅಕ್ಕನ ದನಿ ಆಮೇಲೆ. ಎಡಗೈಯಲ್ಲಿ ಫೋನ್ ಹಿಡಿದಿರುತ್ತಿದ್ದಳು, ಭುಜ ಸೆಳೆಯುತ್ತಿತ್ತು, ಬಲಗೈಗೆ ಬದಲಾಯಿಸುತ್ತಿದ್ದಳು. ಆ ಒಂದು ಕ್ಷಣದಲ್ಲಿ ಎರಡೂ ಕೈಯ ಗಾಜಿನ ಬಳೆಗಳು ಒಂದಕ್ಕೊಂದು ತಾಗಿ, ಆ ಸದ್ದು ಭಾಲ್ಕಿಯಿಂದ ಬೀದರಿನ ನನ್ನ ಅಡುಗೆಮನೆಯ ತನಕ ಬರುತ್ತಿತ್ತು. ನಂತರ ಒಂದು ಸಣ್ಣ ಉಸಿರು. ಅಂದರೆ ಕುಳಿತುಕೊಂಡಳು. ಆಗ ನಾನು ನೋಟ್‌ಬುಕ್ ತೆರೆಯುತ್ತಿದ್ದೆ.

"ಎಂಟು," ಎನ್ನುತ್ತಿದ್ದಳು. "ನಿದ್ದಿ ಎರಡೂವರಿ ತಾಸು. ಬರಕೋ."

"ಬರಕೊಂಡೆ ಅಕ್ಕಾ."

ನಾನು ಬರೆಯುತ್ತಿದ್ದುದು ನಾಲ್ಕು.

ಅಕ್ಕ ಈಗ ಇಲ್ಲ. ನನ್ನ ವಯಸ್ಸು ಎಪ್ಪತ್ತೆರಡು, ಮತ್ತು ಈಚೆಗೆ ನನ್ನ ಸೊಂಟದಲ್ಲೂ ಒಂದು ನೋವು ಬಂದು ಮನೆ ಮಾಡಿದೆ. ಬೆಳಗಿನ ಜಾವ ಅದು ನನಗಿಂತ ಮೊದಲು ಏಳುತ್ತದೆ. ಎಚ್ಚರವೂ ಅಲ್ಲ, ನಿದ್ದೆಯೂ ಅಲ್ಲದ ಆ ಹೊತ್ತಿನಲ್ಲಿ ಕಿಟಕಿಯ ಪರದೆ ಉಬ್ಬುತ್ತದೆ, ಇಳಿಯುತ್ತದೆ; ಹೊರಗೆ ಕೆಂಪು ಮಣ್ಣಿನ ವಾಸನೆ; ಯಾರೋ ನನ್ನ ತಲೆ ಬಾಚುತ್ತಿದ್ದಾರೆ ಎನಿಸುತ್ತದೆ. ನಾನು ಸಣ್ಣವಳಾಗಿದ್ದಾಗ ದಿನಾ ಬೆಳಿಗ್ಗೆ ಅಕ್ಕನೇ ನನ್ನ ಎರಡು ಜಡೆ ಹಾಕಿ, ರಿಬ್ಬನ್ ಕಟ್ಟಿ, ಶೂ ಪಾಲಿಶ್ ಮಾಡಿ ಕಾನ್ವೆಂಟಿಗೆ ಕಳಿಸುತ್ತಿದ್ದಳು. ಅವಳು ಕನ್ನಡ ಶಾಲೆಯಲ್ಲಿ ಏಳನೇ ಇಯತ್ತೆಯವರೆಗೆ ಓದಿ ಬಿಟ್ಟಿದ್ದಳು. ಅವ್ವನಿಗೆ ಉಬ್ಬಸ, ಮನೆಯಲ್ಲಿ ಒಬ್ಬರು ಬೇಕಿತ್ತು. ಒಬ್ಬಳು ಮನೆಗೆ, ಒಬ್ಬಳು ಇಂಗ್ಲಿಷಿಗೆ ಎಂದು ಅಪ್ಪ ಎಂದಾದರೂ ಬಾಯಿಬಿಟ್ಟು ಹೇಳಿದ್ದರೋ ಇಲ್ಲವೋ ನೆನಪಿಲ್ಲ. ಹಾಗೆ ಆಯಿತು, ಅಷ್ಟೇ.

ಕಾನ್ವೆಂಟಿನಲ್ಲಿ ಮೊಣಕಾಲು ಒಡೆದುಕೊಂಡು ಅತ್ತರೆ ಸಿಸ್ಟರ್ ತಲೆ ನೇವರಿಸಿ, "ಆಫರ್ ಇಟ್ ಅಪ್, ಚೈಲ್ಡ್," ಎನ್ನುತ್ತಿದ್ದರು. ನೋವನ್ನು ದೇವರಿಗೆ ಒಪ್ಪಿಸಿಬಿಡು, ಸದ್ದು ಮಾಡಬೇಡ ಎಂದು. ನಾನು ಅದನ್ನು ಚೆನ್ನಾಗಿ ಕಲಿತೆ. ಮುಂದೆ ಮೂವತ್ತೊಂದು ವರ್ಷ ಬೀದರಿನ ಒಂದು ಶಾಲೆಯಲ್ಲಿ ಇಂಗ್ಲಿಷ್ ಕಲಿಸಿದೆ. ಅಕ್ಕ ಮದುವೆಯಾಗಿ ಭಾಲ್ಕಿಗೆ ಹೋದವಳು ಅಲ್ಲಿ ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸುವ ಟೀಚರ್ ಆದಳು. ಇಬ್ಬರೂ ಟೀಚರ್. ಆದರೆ ಊರಿನವರು ನನ್ನನ್ನು ಮಿಸ್ ಎನ್ನುತ್ತಿದ್ದರು, ಅವಳನ್ನು ಬರೀ ಹೊಲಿಗಿ ಬಾಯಿ, ಹೊಲಿಗೆಯ ಹೆಂಗಸು.

ಅವಳ ನೋವು ಶುರುವಾದುದು ಎಡಭುಜದಲ್ಲಿ. ಅಲ್ಲಿಂದ ಕುತ್ತಿಗೆಗೆ, ಬೆನ್ನಿಗೆ, ಸೊಂಟಕ್ಕೆ, ಕೊನೆಗೆ ಕಾಲಿನ ಹಿಮ್ಮಡಿಯವರೆಗೆ ಇಳಿಯಿತು. ಎಕ್ಸ್‌ರೇ ತೆಗೆಸಿದರು, ರಕ್ತ ಪರೀಕ್ಷೆ ಮಾಡಿಸಿದರು, ಹೈದರಾಬಾದಿಗೆ ಹೋಗಿ ಸ್ಕ್ಯಾನ್ ಮಾಡಿಸಿಕೊಂಡು ಬಂದರು. ವಯಸ್ಸಿಗೆ ತಕ್ಕ ಸವೆತ, ಬೇರೇನೂ ಇಲ್ಲ ಎಂದು ಬಂತು. ಅಕ್ಕನ ಗಂಡ, ನಾನು ಮಾಮಾ ಎಂದು ಕರೆಯುವವರು, ಬಾಯಿ ಜೋರು, ಮನಸ್ಸು ಕೆಟ್ಟದ್ದಲ್ಲ. ರಿಪೋರ್ಟಿನ ಲಕೋಟೆಗಳನ್ನು ಟಿವಿಯ ಮೇಲೆ ಇಟ್ಟುಕೊಂಡು ಬಂದವರಿಗೆಲ್ಲ ತೋರಿಸುತ್ತಿದ್ದರು.

"ಎಲ್ಲಾ ನಾರ್ಮಲ್ ಅದ ನೋಡ್ರಿ. ಅಷ್ಟ ದೊಡ್ಡ ಮಶೀನಿಗಿ ಸಿಗಲಾರದ ಬ್ಯಾನಿ ಇಕಿಗಿ ಹ್ಯಾಂಗ ಸಿಕ್ತು ಅಂತೇನಿ."

"ಮಶೀನ್ ನನ್ನ ಒಳಗ ಹತ್ತ ನಿಮಿಷ ಇತ್ರಿ," ಎಂದಳು ಅಕ್ಕ ಒಳಗಿನಿಂದ. "ನಾ ಹಗಲೂ ರಾತ್ರಿ ಇರ್ತೇನಿ."

ನಾನು ನಕ್ಕೆ. ಆದರೆ ಒಳಗೊಳಗೆ ಮಾಮಾ ಅವರ ಪಕ್ಷವೇ. ಅವಳಿಗೆ ಹೇಳಿದೆ ಕೂಡ: "ಅಕ್ಕಾ, ಇದು ಸೈಕಲಾಜಿಕಲ್. ಮನಸ್ಸು ಗಟ್ಟಿ ಮಾಡಕೋ." ಅವಳು ನನ್ನ ಮುಖ ನೋಡಿ, "ಮನಸ್ಸು ಗಟ್ಟಿನೇ ಅದ ತಂಗಿ, ಭುಜಾನೇ ಸೋತದ," ಎಂದಳು. ಮನಸ್ಸಿನಿಂದ ಬಂದದ್ದು ಸುಳ್ಳು, ಮೈಯಿಂದ ಬಂದದ್ದು ನಿಜ ಎಂದು ಆಗ ನಾನು ತಿಳಿದಿದ್ದೆ. ಮನಸ್ಸು ಎಂಬುದು ಮೈಯನ್ನು ಬಿಟ್ಟು ಬೇರೆ ಯಾವುದೋ ಊರಿನಲ್ಲಿ ಬಾಡಿಗೆ ಮನೆ ಮಾಡಿಕೊಂಡಿದೆ ಎಂಬಂತೆ.

ಆ ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದ, ಆದರೆ ಯಾರೂ ಎತ್ತದ ಮಾತು ಒಂದಿತ್ತು. ಅಕ್ಕನ ಮಗ ಮತ್ತು ಸೊಸೆ ಬೇರೆಯಾಗಿದ್ದರು. ಜಗಳವೂ ಹೆಚ್ಚಿರಲಿಲ್ಲ, ಪಂಚಾಯಿತಿಯೂ ಆಗಲಿಲ್ಲ; ಬಿಸಿಲಿಗಿಟ್ಟ ಬಟ್ಟೆಯ ಬಣ್ಣ ಹೋಗುವ ಹಾಗೆ ನಿಧಾನವಾಗಿ ಹೋಯಿತು. ಮಗ ಜಹೀರಾಬಾದಿನ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ ಉಳಿದ. ಸೊಸೆ ಐದು ವರ್ಷದ ಮಗಳನ್ನು ಕರೆದುಕೊಂಡು ಔರಾದಿನ ತವರಿಗೆ ಹೋದಳು, ಅಲ್ಲಿಂದ ಚಿಂತಾಕಿಯ ಶಾಲೆಗೆ ಟೀಚರ್ ಆಗಿ ದಿನಾ ಓಡಾಡತೊಡಗಿದಳು. ಆ ಮಗು ಮೊಲೆ ಬಿಟ್ಟಾಗಿನಿಂದ, ಅಜ್ಜಿಯನ್ನು ಆಯಿ ಎನ್ನುತ್ತ, ಅಕ್ಕನ ಎಡತೋಳಿನ ಮೇಲೆ ತಲೆಯಿಟ್ಟು ಮಲಗಿ ಬೆಳೆದದ್ದು. ಅದು ಹೋದ ಮೇಲೆ ಆ ತೋಳು ನೋಯಲು ಹಿಡಿಯಿತು. ಹೀಗೆ ಬರೆದರೆ ಎಷ್ಟು ಸರಳವಾಗಿ ಕಾಣುತ್ತದೆ. ಆಗ ನಮಗೆ ಯಾರಿಗೂ ಕಾಣಲಿಲ್ಲ. ಅಕ್ಕನಿಗೂ ಕಂಡಿರಲಿಲ್ಲವೇನೋ. ಅವಳು ಹೇಳುತ್ತಿದ್ದುದು ಒಂದೇ: "ಆಕಡಿ ಹೊಳ್ಳಿ ಮಲಗಲಿಕ್ಕ ಆಗಂಗಿಲ್ಲ. ಈಕಡಿ ಮಲಗಿದ್ರ ನಿದ್ದಿ ಬರಂಗಿಲ್ಲ."

ಬೀದರಿನಲ್ಲಿ ನೋವಿನ ಚಿಕಿತ್ಸೆಗೇ ಒಂದು ಕ್ಲಿನಿಕ್ ಇಟ್ಟಿದ್ದ ಡಾಕ್ಟರಮ್ಮ ನನ್ನ ಹಳೆಯ ವಿದ್ಯಾರ್ಥಿನಿ. ಅಕ್ಕನನ್ನು ಅವಳ ಹತ್ತಿರ ಕರೆದುಕೊಂಡು ಹೋದೆ. ಕುರ್ಚಿಯಿಂದ ಎದ್ದು, "ಬರ್ರಿ ಮಿಸ್, ಬರ್ರಿ ದೊಡ್ಡಮ್ಮಾ," ಎಂದಳು. ಅಕ್ಕನ ಕುತ್ತಿಗೆ, ಭುಜ, ಬೆರಳು ಒಂದೊಂದನ್ನೂ ಮುಟ್ಟಿ ನೋಡಿದಳು. ನಂತರ ಒಂದು ಕೆಲಸ ಕೊಟ್ಟಳು. ದಿನಾ ಬೆಳಿಗ್ಗೆ ಎರಡು ಸಂಗತಿ ಬರೆದಿಡಬೇಕು: ರಾತ್ರಿ ಎಷ್ಟು ತಾಸು ನಿದ್ದೆ ಬಂತು, ನೋವಿಗೆ ಹತ್ತರಲ್ಲಿ ಎಷ್ಟು ಮಾರ್ಕ್ಸ್. ಸೊನ್ನೆ ಅಂದರೆ ನೋವೇ ಇಲ್ಲ, ಹತ್ತು ಅಂದರೆ ತಡೆಯಲಾಗದ್ದು. ಆರು ವಾರ ಬರೆದು ತರಬೇಕು, ಅದನ್ನು ನೋಡಿ ಮುಂದಿನ ಮಾತು.

"ನನಗ ಬೆರಳ ಹಿಡಿತಾವ, ಬರಿಯಾಕ ಆಗಂಗಿಲ್ಲ," ಎಂದಳು ಅಕ್ಕ. "ನನ್ನ ತಂಗಿ ಬರಿತಾಳ. ಇಂಗ್ಲಿಷ್ ಅಕ್ಷರ ಛಂದ ಅವ ಇಕಿವು."

ಹೀಗೆ ದಿನಾ ಬೆಳಿಗ್ಗೆ ಆ ಫೋನ್ ಬರತೊಡಗಿತು.

ಮೊದಲ ದಿನ ಎಂಟು ಎಂದಾಗ ಎಂಟನ್ನೇ ಬರೆದೆ. ಬರೆದು, ನೋಡುತ್ತ ಕುಳಿತೆ. ನನ್ನ ಮೂವತ್ತೊಂದು ವರ್ಷದ ಕೆಲಸದಲ್ಲಿ ಹತ್ತಕ್ಕೆ ಎಂಟು ಕೊಟ್ಟದ್ದು ಒಟ್ಟು ಇಬ್ಬರು ಮೂವರಿಗೆ. ಎಕ್ಸಾಜರೇಶನ್ ಕಂಡರೆ ನನಗೆ ಆಗುತ್ತಿರಲಿಲ್ಲ. ಹುಡುಗಿಯರು ಎಸ್ಸೇಯಲ್ಲಿ "ವೆರಿ ವೆರಿ ಬ್ಯೂಟಿಫುಲ್" ಎಂದು ಬರೆದರೆ ರೆಡ್ ಇಂಕಿನಲ್ಲಿ ಒಂದು ವೆರಿ ಹೊಡೆದು ಹಾಕುತ್ತಿದ್ದೆ, ಕೆಲವೊಮ್ಮೆ ಎರಡನ್ನೂ. ಅಕ್ಕನ ಆ ಎಂಟನ್ನು ನೋಡುತ್ತ ಅನಿಸಿತು: ಇವಳು ಎದ್ದು ಓಡಾಡುತ್ತಾಳೆ, ರೊಟ್ಟಿ ಬಡಿಯುತ್ತಾಳೆ, ಫೋನಿನಲ್ಲಿ ಮಾತನಾಡುತ್ತಾಳೆ. ಎಂಟು ಎಲ್ಲಿಂದ ಬಂತು? ಇನ್ನೊಂದು ಮಾತೂ ಇತ್ತು, ಅದನ್ನು ಬರೆಯಲು ಈಗಲೂ ಪೆನ್ನು ಹಿಂಜರಿಯುತ್ತದೆ. ಡಾಕ್ಟರಮ್ಮ ನನ್ನ ಸ್ಟೂಡೆಂಟ್. ಮಿಸ್ ಅವರ ಅಕ್ಕ ಹಿಸ್ಟೆರಿಕಲ್ ಹೆಂಗಸು ಎಂದು ಅವಳು ಅಂದುಕೊಳ್ಳಬಾರದಿತ್ತು.

ಎಂಟನ್ನು ಹೊಡೆದು ಐದು ಮಾಡಿದೆ. ಮರುದಿನ ಏಳೂವರೆ ಎಂದಳು, ನಾಲ್ಕು ಬರೆದೆ. ಶಾಲೆಯಲ್ಲಿ ಇದಕ್ಕೆ ಮಾಡರೇಶನ್ ಎನ್ನುತ್ತಿದ್ದೆವು. ನಿದ್ದೆಯ ತಾಸುಗಳನ್ನೂ ಬಿಡಲಿಲ್ಲ. ಎರಡೂವರೆ ಎಂದರೆ, ಮುದುಕರಿಗೆ ಮಲಗಿದ್ದೇ ಗೊತ್ತಾಗುವುದಿಲ್ಲ ಎಂದುಕೊಂಡು ನಾಲ್ಕೂವರೆ ಮಾಡುತ್ತಿದ್ದೆ. ಚಹಾ ಆರುತ್ತಿತ್ತು. ಕಿಟಕಿಯಾಚೆ ಕೋಟೆಯ ಕಡೆಯಿಂದ ಮಂಜು ಏಳುತ್ತಿತ್ತು, ಆ ಮಂಜಿನಲ್ಲಿ ಆಟೋಗಳ ದೀಪಗಳು ತೇಲಿ ಹೋಗುತ್ತಿದ್ದವು. ಎಷ್ಟು ಪ್ರಶಾಂತವಾದ ಬೆಳಗುಗಳು ಅವು. ಯಾರಿಗೋ ಅನ್ಯಾಯ ಮಾಡುತ್ತಿದ್ದೇನೆ ಎಂದು ಒಂದು ದಿನವೂ ಅನಿಸಲಿಲ್ಲ.

ಆರು ವಾರ ಕಳೆದು ಕ್ಲಿನಿಕ್ಕಿಗೆ ಹೋದೆವು. ಡಾಕ್ಟರಮ್ಮ ನೋಟ್‌ಬುಕ್ಕಿನ ಹಾಳೆ ತಿರುವಿದಳು. ನಾಲ್ಕು, ಮೂರೂವರೆ, ನಾಲ್ಕು, ಐದು, ನಾಲ್ಕು. "ಪರವಾಗಿಲ್ರಿ ದೊಡ್ಡಮ್ಮಾ, ಮಧ್ಯಮ ಅದ. ನಿದ್ದಿನೂ ತೀರಾ ಕಮ್ಮಿ ಇಲ್ಲ. ಇದೇ ಗುಳಗಿ ನಡೀಲಿ, ಮೂರು ತಿಂಗಳು ಬಿಟ್ಟು ಬರ್ರಿ."

ಅಕ್ಕ ಮುಂದಕ್ಕೆ ಬಾಗಿ ನೋಟ್‌ಬುಕ್ ನೋಡಿದಳು. ಅವಳಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಅಂಕಿಗಳು ಬರುತ್ತಿದ್ದವು. ಅಳತೆಯ ಟೇಪಿನ ಮೇಲಿನ ಅಂಕಿ ನೋಡುತ್ತಲೇ ಬದುಕಿದವಳು ಅವಳು. ಒಂದು ಹಾಳೆಯನ್ನು ಮೇಲಿನಿಂದ ಕೆಳಗಿನವರೆಗೆ ಬೆರಳಿಟ್ಟು ಓದಿದಳು. ಆಮೇಲೆ ನನ್ನ ಕಡೆ ನೋಡಿದಳು. ಸಿಟ್ಟಿನ ನೋಟವಲ್ಲ. ಬಸ್ ತಪ್ಪಿಹೋದ ಮೇಲೆ ಖಾಲಿ ರಸ್ತೆಯನ್ನು ನೋಡುತ್ತೇವಲ್ಲ, ಹಾಗೆ. ಸೆರಗು ಸರಿಮಾಡಿಕೊಂಡು ಎದ್ದಳು. "ನಡಿ, ಹೋಗಮು," ಎಂದಳು.

ಮರುದಿನ ಬೆಳಿಗ್ಗೆ ಫೋನ್ ಬರಲಿಲ್ಲ. ಅದರ ಮರುದಿನವೂ ಇಲ್ಲ. ನಾನೇ ಮಾಡಿದರೆ ಎತ್ತಲಿಲ್ಲ. ನಾಲ್ಕನೆಯ ದಿನ ಮಾಮಾ ಎತ್ತಿದರು.

"ಎದ್ದು ಉಣ್ಣಂಗಿಲ್ಲ, ಮಾತಾಡಂಗಿಲ್ಲ. ನಾ ಹೇಳೀನಿ, ನಿನ್ನ ತಂಗಿನೇ ಬರದಾಳ ನಾಕ ಅಂತ, ನಾಕ ಮಾರ್ಕ್ಸಿನ ಬ್ಯಾನಿಗಿ ಇಷ್ಟ ನಖರಾ ಯಾಕ ಅಂತ. ಅವತ್ತಿಂದ ಗ್ವಾಡಿ ಕಡಿ ಮಾರಿ ಮಾಡಿ ಮಲಗ್ಯಾಳ. ನಿದ್ದೀನೂ ಮಾಡಂಗಿಲ್ಲ, ಕಣ್ಣು ತೆರದೇ ಇರ್ತಾವ. ನನಗ ಜರಾ ಅಂಜಿಕಿ ಆಗ್ಯದ್ರಿ."

ಮಾಮಾ ಅವರ ಬಾಯಲ್ಲಿ ಅಂಜಿಕೆ ಎಂಬ ಮಾತು ಅದೇ ಮೊದಲ ಸಲ ಕೇಳಿದ್ದು.

ಭಾಲ್ಕಿಯ ಬಸ್ಸಿನಲ್ಲಿ ಕಿಟಕಿಗೆ ತಲೆಯಿಟ್ಟು ಕುಳಿತೆ. ತೊಗರಿ ಹೊಲಗಳು ಹಳದಿ ಹೂ ಹೊತ್ತು ಹಿಂದಕ್ಕೆ ಸರಿಯುತ್ತಿದ್ದವು. ಎಲ್ಲೋ ಒಂದೆರಡು ಕ್ಷಣ ಕಣ್ಣು ಹತ್ತಿರಬೇಕು. ಬೇಸಿಗೆಯಲ್ಲಿ ಮಾಳಿಗೆಯ ಮೇಲೆ ನಾವಿಬ್ಬರೂ ಮಲಗಿದ್ದೆವು, ಅಕ್ಕ ಆಕಾಶಕ್ಕೆ ಕೈ ಚಾಚಿ ಒಂದು ಚುಕ್ಕೆಯಿಂದ ಇನ್ನೊಂದು ಚುಕ್ಕೆಗೆ ಗೇಣು ಹಾಕುತ್ತಿದ್ದಳು. ಮೂರು ಗೇಣು, ಎರಡು ಬೆರಳು ಎನ್ನುತ್ತಿದ್ದಳು. ನಾನು, ಇಲ್ಲ, ಎರಡೇ ಗೇಣು ಎಂದು ಹಟ ಹಿಡಿಯುತ್ತಿದ್ದೆ. ಬಸ್ಸು ಕುಲುಕಿ ಎಚ್ಚರವಾಯಿತು.

ಅಕ್ಕ ಮಂಚದ ಮೇಲೆ ಇದ್ದಳು. ನಾನು ಹೋಗಿ ಪಕ್ಕದಲ್ಲಿ ಕುಳಿತೆ.

"ಫೋನ್ ಯಾಕ ಮಾಡಲಿಲ್ಲ ಅಕ್ಕಾ?"

"ಮಾಡಿ ಏನ ಮಾಡ್ಲಿ. ನನ್ನ ಎಂಟು ನಿನ್ನ ಕೈಯಾಗ ಹೋಗಿ ನಾಕ ಆಗ್ತದ." ಗೋಡೆಯ ಕಡೆಯೇ ಮುಖ. "ಅವರು ನಂಬಲಿಲ್ಲ, ಬಿಡು, ಗಂಡಸರು. ಮಗ ನಂಬಲಿಲ್ಲ. ನೀ ಬರಿತೀ ಅಂತ ಇತ್ತು ನನಗ."

"ನಾ ಅಂದ್ಕೊಂಡೆ, ನೀ ಜರಾ ಹೆಚ್ಚ ಹೇಳ್ತಿ ಅಂತ..."

ಆಗ ಅವಳು ಎದ್ದು ಕುಳಿತಳು. ಏಳುವುದಕ್ಕೆ ಮೂರು ಹಂತ ಬೇಕಾಯಿತು. ಮೊದಲು ಮೊಣಕೈ, ಆಮೇಲೆ ಅಂಗೈ, ಆಮೇಲೆ ಉಸಿರು ಬಿಗಿಹಿಡಿದು ಬೆನ್ನು. ನಾನು ಅದನ್ನು ಅಲ್ಲಿಯವರೆಗೆ ಸರಿಯಾಗಿ ನೋಡಿಯೇ ಇರಲಿಲ್ಲ. ಗೋಡೆ ಹಿಡಿದು ಹೋಗಿ ಕಪಾಟಿನ ಬಾಗಿಲು ತೆರೆದಳು. ಬಾಗಿಲಿನ ಒಳಮೈಯಲ್ಲಿ, ಬಟ್ಟೆಗೆ ಗುರುತು ಹಾಕುವ ನೀಲಿ ಚಾಕ್‌ಪೀಸಿನಿಂದ ಬರೆದ ಅಂಕಿಗಳು, ಮೇಲಿನಿಂದ ಕೆಳಗಿನವರೆಗೆ ಎರಡು ಸಾಲು. ಬೆರಳು ಹಿಡಿಯುವ ಕೈಯಲ್ಲಿ ಬರೆದವು, ಅಂಕುಡೊಂಕು. ಒಂದು ಸಾಲು ನಿದ್ದೆಯದು, ಒಂದು ನೋವಿನದು. ಫೋನಿನಲ್ಲಿ ಹೇಳುವ ಮೊದಲು ತಾನೂ ಬರೆದಿಟ್ಟುಕೊಳ್ಳುತ್ತಿದ್ದಳು.

"ಇಷ್ಟ ವರ್ಷ ಮಂದೀದು ಅಳತಿ ತೊಗೊಂಡೇನಿ," ಎಂದಳು. "ಯಾರ ತೋಳೂ ಒಂದ ಬೆರಳ ಉದ್ದ ಬರದಿಲ್ಲ ನಾ. ನಂದು ಹೆಚ್ಚ ಹೇಳ್ತೀನೇನು?"

ನಾನು ಆ ನೀಲಿ ಅಂಕಿಗಳ ಮುಂದೆ ನಿಂತೆ. ಎಂಟು, ಏಳೂವರೆ, ಎಂಟು, ಆರು, ಎಂಟು, ಒಂಬತ್ತು. ಎಲ್ಲಿಯೂ ಹತ್ತು ಇರಲಿಲ್ಲ. ಯಾಕೆ ಎಂದು ಕೇಳಿದೆ. "ಹೆರಿಗಿ ಹೊತ್ತಿಗಿ ಹತ್ತಿತ್ತು. ಇದು ಅಷ್ಟಿಲ್ಲ," ಎಂದಳು. ನನಗಿಂತ ಪ್ರಾಮಾಣಿಕಳಾದ ಎಕ್ಸಾಮಿನರ್ ಅವಳು.

"ತಪ್ಪಾತು ಅಕ್ಕಾ," ಎಂದೆ. ನಾವಿಬ್ಬರೂ ಒಬ್ಬರಿಗೊಬ್ಬರು ಹಾಗೆ ಹೇಳಿದ ರೂಢಿ ಇರಲಿಲ್ಲ. ಅವಳಿಗೂ ಸಂಕೋಚವಾಯಿತು. "ಹೋಗ್ಲಿ ಬಿಡು, ಚಹಾ ಕುಡಿತೀಯೇನು," ಎಂದಳು. ಮಾಮಾ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದರು. "ನೀವಿಬ್ಬರೂ ಕೂಡ್ರಿ, ಚಹಾ ನಾ ಇಡ್ತೇನಿ," ಎಂದರು. ಆ ಚಹಾಕ್ಕೆ ಸಕ್ಕರೆ ಹಾಕುವುದನ್ನು ಮರೆತಿದ್ದರು. ಯಾರೂ ಹೇಳಲಿಲ್ಲ.

ಕಪಾಟಿನ ಅಂಕಿಗಳನ್ನು ಹೊಸ ನೋಟ್‌ಬುಕ್ಕಿಗೆ ಇಳಿಸಿಕೊಂಡು, ಅಕ್ಕನನ್ನೂ ಕರೆದುಕೊಂಡು, ವಾರದೊಳಗೆ ಮತ್ತೆ ಕ್ಲಿನಿಕ್ಕಿಗೆ ಹೋದೆ. ಹಳೆಯದನ್ನೂ ಹೊಸದನ್ನೂ ಡಾಕ್ಟರಮ್ಮನ ಟೇಬಲ್ಲಿನ ಮೇಲೆ ಪಕ್ಕಪಕ್ಕದಲ್ಲಿ ಇಟ್ಟು, ನಡೆದದ್ದನ್ನು ಹೇಳಿದೆ. ಅವಳು ಎರಡನ್ನೂ ನೋಡಿ ಕನ್ನಡಕ ತೆಗೆದಳು.

"ಮಿಸ್, ನನಗ ಗೊತ್ತಾಗಬೇಕಿತ್ತು. ಹತ್ತನೇ ಇಯತ್ತೆದಾಗ ನನ್ನ ಎಸ್ಸೇಗಿ ಆರೂವರಿ ದಾಟಿ ಒಮ್ಮೆನೂ ಕೊಟ್ಟಿಲ್ಲ ನೀವು. ನಿಮ್ಮ ಕೈಯಾಗ ಹೋದ ನೋವಿಗಿ ನಾಲ್ಕು ಬಂದದ ಅಂದ್ರ ಭಾಳ ಆತು."

ಅಕ್ಕ ನಕ್ಕಳು. ತಿಂಗಳುಗಳ ಮೇಲೆ ಆ ನಗು ಕೇಳಿದ್ದು. ನಾನೂ ನಗಲು ನೋಡಿದೆ.

ಆಮೇಲೆ ಡಾಕ್ಟರಮ್ಮ ಪೆನ್ನು ಹಿಡಿದು ನಿಜವಾದ ಅಂಕಿಗಳ ಕೆಳಗೆ ಗೆರೆ ಎಳೆಯತೊಡಗಿದಳು. ನಿದ್ದೆ ಎರಡು ತಾಸಿಗೆ ಇಳಿದ ರಾತ್ರಿಯ ಮರುದಿನ ನೋವು ಎಂಟು, ಒಂಬತ್ತು. ನಾಲ್ಕು ತಾಸು ಮಲಗಿದ ಮರುದಿನ ಆರು. ನೋವು ಒಂಬತ್ತಾದ ದಿನದ ರಾತ್ರಿ ಮತ್ತೆ ನಿದ್ದೆ ಇಲ್ಲ. ಒಂದು ಇನ್ನೊಂದನ್ನು ಎಳೆದುಕೊಂಡು ಸುತ್ತುತ್ತಿತ್ತು. ಮತ್ತೆ ಇನ್ನೊಂದು ಇತ್ತು. ಪ್ರತಿ ಸೋಮವಾರ, ಅಂದರೆ ಭಾನುವಾರ ರಾತ್ರಿ ಕಳೆದ ಬೆಳಿಗ್ಗೆ, ಎರಡೂ ಕೆಟ್ಟಿದ್ದವು.

"ದೊಡ್ಡಮ್ಮಾ, ಐತ್ವಾರ ಏನಾಗ್ತದ್ರಿ?"

ಅಕ್ಕ ಬಳೆಗಳನ್ನು ಒಂದೊಂದಾಗಿ ಸರಿಸತೊಡಗಿದಳು. ಫ್ಯಾನು ತಿರುಗುತ್ತಿತ್ತು. ಡಾಕ್ಟರಮ್ಮ ಕಾದಳು, ನಾನಾಗಿದ್ದರೆ ಕಾಯುತ್ತಿರಲಿಲ್ಲ, ಕ್ವಿಕ್ ಕ್ವಿಕ್ ಎಂದಿರುತ್ತಿದ್ದೆ.

"ಐತ್ವಾರ ಹುಡುಗಿಗಿ ಎಣ್ಣಿ ಹಚ್ಚಿ ಎರಿತಿದ್ದೆ," ಎಂದಳು ಅಕ್ಕ ಕೊನೆಗೆ. "ಈಗ ಯಾರ ಎರಿತಾರೋ. ಐತ್ವಾರ ಹೊತ್ತು ಮುಳುಗಿದ್ರ ಸಾಕು, ನನ್ನ ಮೈಯೆಲ್ಲಾ ಹಿಂಡಿದಂಗ ಆಗ್ತದ. ಮಂದಿ ಏನಂತಾರ, ಮಮ್ಮಗಳ ಸಲುವಾಗಿ ಮುದುಕಿ ಹುಚ್ಚಾತು ಅಂತಾರ. ಅದಕ್ಕ ಹೇಳಿಲ್ಲ."

"ಹಂಗಾರ ನನ್ನ ಬ್ಯಾನಿ ಸುಳ್ಳೇನು?" ಎಂದೂ ಕೇಳಿದಳು ತಕ್ಷಣ. ಅವಳಿಗೆ ಬೇಕಾಗಿದ್ದ ಉತ್ತರ ಅದೊಂದೇ ಇತ್ತು.

"ಬಿಲ್ಕುಲ್ ಸುಳ್ಳಲ್ರಿ," ಎಂದಳು ಡಾಕ್ಟರಮ್ಮ. "ಬ್ಯಾನಿ ಖರೇನೇ ಅದ. ಸಂಕಟ ಇದ್ರ ನಿದ್ದಿ ಹೋಗ್ತದ, ನಿದ್ದಿ ಹೋದ್ರ ಮೈ ತಡಕೊಳ್ಳೋ ಶಕ್ತಿ ಕಮ್ಮಿ ಆಗ್ತದ, ಸಣ್ಣ ನೋವೂ ದೊಡ್ಡದಾಗ್ತದ. ಅದು ದೊಡ್ಡದಾದ್ರ ಸಂಕಟ ಹೆಚ್ಚಾಗ್ತದ. ಯಾವುದು ಮೊದಲು ಅಂತ ಹೇಳಲಿಕ್ಕ ಬರಂಗಿಲ್ಲ."

"ದಾರ ಗಂಟ ಬಿದ್ದಂಗ," ಎಂದಳು ಅಕ್ಕ ಯೋಚಿಸುತ್ತ. "ಬಲಾ ಮಾಡಿ ಎಳದ್ರ ಇನ್ನೂ ಬಿಗೀತದ. ಯಾವ ತುದಿ ಸಡ್ಲ ಅದ ನೋಡಿ ಹಿಡೀಬೇಕು."

"ನಿದ್ದಿದು ಹಿಡಿಯೋಣ್ರಿ ಮೊದಲ. ಹುಡುಗೀದೂ ನೋಡೋಣ."

ನಿಯಮಗಳು ಸಾದಾ ಇದ್ದವು. ರಾತ್ರಿ ನಿದ್ದೆ ಎಷ್ಟೇ ಬರಲಿ, ಬೆಳಿಗ್ಗೆ ಆರಕ್ಕೆ ಏಳಬೇಕು. ನಿದ್ದೆ ಬಾರದಿದ್ದರೆ ಮಂಚದಲ್ಲಿ ಹೊರಳಾಡುತ್ತ ಇರಬಾರದು, ಎದ್ದು ಕುರ್ಚಿಯಲ್ಲಿ ಕುಳಿತು, ತೂಕಡಿಕೆ ಬಂದಾಗ ಹೋಗಬೇಕು. ದಿನಾ ಸ್ವಲ್ಪ ಸ್ವಲ್ಪ ನಡೆಯಬೇಕು, ಭುಜಕ್ಕೆ ಹೇಳಿಕೊಟ್ಟ ವ್ಯಾಯಾಮ ಮಾಡಬೇಕು. ಹದಿನೈದು ದಿನಕ್ಕೊಮ್ಮೆ ಬಂದು ಒಬ್ಬ ಕೌನ್ಸೆಲರ್ ಹತ್ತಿರ ಮಾತನಾಡಬೇಕು. ಗುಳಿಗೆ ಬದಲಾಯಿತು. ನನಗೂ ಒಂದು ನಿಯಮ: ಹೇಳಿದ್ದನ್ನು ಹೇಳಿದ ಹಾಗೆ ಬರೆಯಬೇಕು.

ಔರಾದಿಗೆ ನಾನು ಒಬ್ಬಳೇ ಹೋದೆ. ಅಕ್ಕನಿಗೆ ಹೇಳಲಿಲ್ಲ, ಆಸೆ ಹುಟ್ಟಿಸಿ ಕೈಬಿಡುವ ಹೆದರಿಕೆ. ಊರು ಹತ್ತಿರವಾಗುತ್ತಿದ್ದಂತೆ ಬೀದರಿನ ಕೆಂಪು ಮಣ್ಣು ಕಳೆದು ಕಪ್ಪು ಮಣ್ಣು ಬಂತು, ದೂರದಲ್ಲಿ ಕುರಿಗಳ ಹಿಂಡು ಮೋಡದ ನೆರಳಿನ ಹಾಗೆ ಹೊಲ ದಾಟುತ್ತಿತ್ತು. ಸೊಸೆ ಆಗಷ್ಟೇ ಚಿಂತಾಕಿಯಿಂದ ಜೀಪಿನಲ್ಲಿ ಬಂದು ಇಳಿದಿದ್ದಳು. ಕೈಯಲ್ಲಿ ಮಕ್ಕಳ ನೋಟ್‌ಬುಕ್ಕುಗಳ ಗಂಟು. ನನ್ನನ್ನು ನೋಡಿ ಮುಖ ಗಟ್ಟಿ ಮಾಡಿಕೊಂಡಳು, ಆದರೂ ನೀರು ತಂದುಕೊಟ್ಟಳು.

"ಸಣ್ಣತ್ತಿ, ಅವರು ಕಳಿಸ್ಯಾರೇನ್ರಿ?"

"ಯಾರೂ ಕಳಿಸಿಲ್ಲ. ನಿಮ್ಮ ಅತ್ತಿಗಿ ನಿದ್ದಿ ಇಲ್ಲ. ಮೈ ನೋವು. ಹುಡುಗಿ ನೆನಪಿನಾಗ."

ಅವಳು ಬಾಗಿಲ ಪರದೆಯ ಕಡೆ ನೋಡಿದಳು. ಪರದೆಯ ಕೆಳಗೆ ಎರಡು ಸಣ್ಣ ಪಾದಗಳು ಕಾಣುತ್ತಿದ್ದವು.

"ನಾ ಎಂದಾರ ಬ್ಯಾಡ ಅಂದೀನೇನ್ರಿ? ಅತ್ತಿ ಒಮ್ಮೆನೂ ಫೋನ್ ಮಾಡಿಲ್ಲ. ಹುಡುಗಿ ಕೇಳಿ ಕೇಳಿ ಸುಮ್ಮನಾತು. ಅವರಿಗೇ ಬ್ಯಾಡಾಗೇವಿ ಅಂತ ತಿಳಕೊಂಡೆ."

ನಮ್ಮ ಕಡೆ ಸೊಸೆ ಮುನಿದು ತವರಿಗೆ ಹೋದರೆ ಅತ್ತೆಯ ಕಡೆಯವರು ಮೊದಲು ಫೋನ್ ಮಾಡುವುದಿಲ್ಲ. ಮಾಡಿದರೆ ತಪ್ಪು ನಮ್ಮದೇ ಎಂದು ಒಪ್ಪಿದ ಹಾಗೆ, ಮಗನ ಪರವಾಗಿ ಮಾತಿಗೆ ಇಳಿದ ಹಾಗೆ. ತವರಿನವರೂ ಮಾಡುವುದಿಲ್ಲ, ಮಾಡಿದರೆ ಹೆಣ್ಣು ಭಾರವಾದಳು ಎಂದಾಗುತ್ತದೆ. ಇಬ್ಬರು ತಿಳಿವಳಿಕೆಯುಳ್ಳ ಹೆಂಗಸರು ನಡುವೆ ಇಷ್ಟೇ ಇಷ್ಟು ದಾರಿ ಇಟ್ಟುಕೊಂಡು, ಒಬ್ಬರು ಇನ್ನೊಬ್ಬರ ಫೋನಿಗೆ ಎರಡು ವರ್ಷ ಕಾದಿದ್ದರು.

"ಸಣ್ಣಾಯಿ," ಎಂದಿತು ಪರದೆ. "ಆಯಿಗಿ ನನ್ನ ಮ್ಯಾಲ ಸಿಟ್ಟ ಬಂದದೇನು?"

ನಾನು ಕಾನ್ವೆಂಟಿನಲ್ಲಿ ಕಲಿತದ್ದೆಲ್ಲ ಆ ಹೊತ್ತಿಗೆ ಕೆಲಸಕ್ಕೆ ಬರಲಿಲ್ಲ. ಕರ್ಚೀಫಿಗಾಗಿ ಪರ್ಸಿನಲ್ಲಿ ಬಹಳ ಹೊತ್ತು ಹುಡುಕಿದೆ.

ಹದಿನೈದು ದಿನಕ್ಕೊಮ್ಮೆ ಐತ್ವಾರ ಬೆಳಿಗ್ಗೆ ಸೊಸೆಯ ತಮ್ಮ ಮಗುವನ್ನು ಭಾಲ್ಕಿಗೆ ಬಿಟ್ಟು, ಸಂಜೆ ಕರೆದುಕೊಂಡು ಹೋಗುವುದೆಂದು ಮಾತಾಯಿತು. ನಡುವಿನ ಐತ್ವಾರ ಫೋನ್. ಮಗ ಸೊಸೆಯ ವಿಷಯ ಯಾರೂ ಎತ್ತಲಿಲ್ಲ. ಅದು ಹಾಗೆಯೇ ಉಳಿಯಿತು, ಇವತ್ತಿಗೂ.

ಮಗು ಬಂದ ದಿನ ನೋವು ಮಾಯವಾಯಿತು ಎಂದು ಬರೆದರೆ ಅದು ಮತ್ತೆ ನನ್ನ ಹಳೆಯ ಕೆಲಸವೇ ಆದೀತು. ಮಾಯವಾಗಲಿಲ್ಲ. ಮೊದಲ ಐತ್ವಾರದ ಮರುದಿನ ಅಕ್ಕ ಒಂಬತ್ತು ಎಂದಳು, ಯಾಕೆಂದರೆ ಸಂಜೆ ಮಗು ಹೋಗುವಾಗ ಬಹಳ ಅತ್ತಿತ್ತು. ನಾನು ಒಂಬತ್ತು ಬರೆದೆ. ಬೆಳಿಗ್ಗೆ ಆರಕ್ಕೆ ಏಳುವ ನಿಯಮಕ್ಕೆ ಅವಳು ಡಾಕ್ಟರಮ್ಮನನ್ನು ದಿನಾ ಬೈದಳು. ನಡೆಯಲು ಹೋಗುವಾಗ ಮಾಮಾ ಜೊತೆಗೆ ಹೊರಟರು, ದಾರಿಯುದ್ದಕ್ಕೂ ಜಗಳ. "ನಿಮ್ಮ ಅಕ್ಕ ನನಗಿಂತ ಮುಂದ ಹೋಗ್ತಾಳ್ರಿ ಈಗ," ಎಂದು ಒಮ್ಮೆ ಫೋನಿನಲ್ಲಿ ದೂರು ಹೇಳಿದರು. ರಿಪೋರ್ಟಿನ ಲಕೋಟೆಗಳು ಟಿವಿಯ ಮೇಲಿನಿಂದ ಯಾವಾಗ ಹೋದವೋ ನಾನು ನೋಡಲಿಲ್ಲ. ಮೂರು ತಿಂಗಳಿಗೆ ಎಂಟುಗಳು ವಿರಳವಾದವು. ಆರು ಬಂತು, ಐದು ಬಂತು. ನಿದ್ದೆ ನಾಲ್ಕು ತಾಸು, ನಾಲ್ಕೂವರೆ. ಒಂದು ಬೆಳಿಗ್ಗೆ, "ನಾಕು," ಎಂದಳು.

"ಖರೇನ ನಾಕೇನು ಅಕ್ಕಾ?"

"ಖರೇ ನಾಕು. ನೀ ಅಳದದ್ದಲ್ಲ, ನಾ ಅಳದದ್ದು."

ನಾನು ಆ ನಾಲ್ಕನ್ನು ಬರೆದು, ಪೆನ್ನು ಕೆಳಗಿಟ್ಟು, ಬಹಳ ಹೊತ್ತು ಕಿಟಕಿಯಾಚೆ ನೋಡುತ್ತ ಕುಳಿತೆ. ಆದರೂ ಒಂದು ಉಳಿದೇ ಇತ್ತು. ಸೋಮವಾರಗಳು. ಐತ್ವಾರ ರಾತ್ರಿ ಮಾತ್ರ ಅವಳಿಗೆ ನಿದ್ದೆ ಹತ್ತಿರ ಸುಳಿಯುತ್ತಿರಲಿಲ್ಲ. ಮಗು ಬಂದು ಹೋದರೂ ಅಷ್ಟೇ, ಬಾರದಿದ್ದರೂ ಅಷ್ಟೇ. "ಅದೊಂದ ರಾತ್ರಿ ನನ್ನ ನಸೀಬದಾಗ ಇಲ್ಲ ಬಿಡು," ಎನ್ನುತ್ತಿದ್ದಳು.

ಈಗ ನನ್ನ ಸೊಂಟದ ನೋವಿಗೆ ನಾನೇ ನೋಟ್‌ಬುಕ್ ಇಟ್ಟಿದ್ದೇನೆ. ಅಕ್ಕ ಹೋದ ಮೇಲಿನ ವಾರಗಳಲ್ಲಿ ನಿದ್ದೆಯ ಸಾಲು ತೆಳ್ಳಗಾಗುತ್ತ ಹೋದದ್ದು, ನೋವಿನ ಸಾಲು ಏರುತ್ತ ಹೋದದ್ದು ಅದರಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಏಳು ಎನಿಸಿದ ದಿನ ಏಳು ಬರೆಯಲು ಕೈ ಇನ್ನೂ ಅಳುಕುತ್ತದೆ. ಬರೆಯುತ್ತೇನೆ.

ಅವಳು ಹೋದದ್ದು ಈ ನೋವಿನಿಂದಲ್ಲ. ಒಂದು ಮಧ್ಯಾಹ್ನ ಊಟ ಮಾಡಿ ಕೈ ತೊಳೆಯುತ್ತಿದ್ದಾಗ ಎದೆ ಹಿಡಿದು ಕುಳಿತಳು, ಅಷ್ಟೇ ಎಂದರು. ನಾನು ಭಾಲ್ಕಿ ಮುಟ್ಟುವ ಹೊತ್ತಿಗೆ ಎಲ್ಲ ಮುಗಿದಿತ್ತು. ಅವತ್ತು ಮುಖ ನೋಡಿದ್ದನ್ನು ನಾನು ನೋಡಿದ್ದೆಂದು ಲೆಕ್ಕಕ್ಕೆ ಹಿಡಿಯುವುದಿಲ್ಲ. ನಾನು ಅಕ್ಕನನ್ನು ಕೊನೆಯದಾಗಿ ನೋಡಿದ್ದು ಅದಕ್ಕೆ ಹನ್ನೊಂದು ದಿನ ಮೊದಲು.

ಶನಿವಾರ ಭಾಲ್ಕಿಗೆ ಹೋಗಿದ್ದೆ. ಐತ್ವಾರ ಮಗು ಬಂತು. ಅಕ್ಕ ಬಲಗೈಯಿಂದಲೇ ಎಣ್ಣೆ ಹಚ್ಚಿ ಎರೆದಳು, ಎಡಗೈ ನೀರಿನ ತಂಬಿಗೆ ಹಿಡಿಯುವ ಮಟ್ಟಿಗೆ ಬಂದಿತ್ತು. ಸಂಜೆ ಮಗು ಹೋಯಿತು, ಈ ಸಲ ಅಳದೆ, ಬೈಕಿನ ಮೇಲಿನಿಂದ ಕೈ ಬೀಸುತ್ತ. ಮರುದಿನ ಬೆಳಿಗ್ಗೆ ಬೀದರಿನಲ್ಲಿ ನನ್ನ ಕಣ್ಣಿನ ತಪಾಸಣೆ ಇತ್ತು. ಐದೂಕಾಲಿಗೆ ಎದ್ದು ಸೀರೆ ಉಟ್ಟು, ಬ್ಯಾಗು ಹಿಡಿದು ಹೊರಟೆ. ಬೆಳಕು ಇನ್ನೂ ಹಾಲು ಬೆರೆಸಿದ ನೀರಿನಂತಿತ್ತು. ಮಾಮಾ ಅಂಗಳದಲ್ಲಿ ಹಲ್ಲುಜ್ಜುತ್ತಿದ್ದರು.

ಅಕ್ಕನ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಎಚ್ಚರವಿರುತ್ತಾಳೆ, ಹೇಳಿ ಹೋಗೋಣ ಎಂದು ಇಣುಕಿದೆ.

ಮಲಗಿದ್ದಳು. ನಿಜವಾಗಿ ಮಲಗಿದ್ದಳು. ಬಾಯಿ ಸ್ವಲ್ಪ ತೆರೆದಿತ್ತು, ಸಣ್ಣ ಗೊರಕೆ. ಎಡಗಡೆಗೆ ಹೊರಳಿ, ಆ ತೋಳನ್ನೇ ತಲೆಯ ಕೆಳಗೆ ಇಟ್ಟುಕೊಂಡು.

ಮಾಮಾ ಬಂದು ನನ್ನ ಹಿಂದೆ ನಿಂತರು. "ಎಬ್ಬಸ್ರಿ," ಎಂದು ಪಿಸುಗುಟ್ಟಿದರು. "ತಂಗಿ ಕುಂಕುಮ ಹಚಕೊಳ್ಳದ ಹೋದ್ಲು ಅಂದ್ರ ನನ್ನ ಜೀವ ತಿಂತಾಳ."

ಹೆಣ್ಣುಮಗಳು ಹೊರಟಾಗ ಕುಂಕುಮ ಹಚ್ಚದೆ, "ಹೋಗಿ ಬರ್ತೇನಿ" ಎನ್ನುವ ಮಾತು ಕೇಳದೆ ಕಳಿಸುವುದು ನಮ್ಮಲ್ಲಿ ಇಲ್ಲ. ಅರವತ್ತು ವರ್ಷದಲ್ಲಿ ಅಕ್ಕ ಒಮ್ಮೆಯೂ ಹಾಗೆ ಕಳಿಸಿರಲಿಲ್ಲ.

"ತಿನ್ಲಿ ಬಿಡ್ರಿ ಮಾಮಾ," ಎಂದೆ. "ಇವತ್ತ ಸೋಮವಾರ."

ಅವರಿಗೂ ಅರ್ಥವಾಯಿತು. ಬಾಯಲ್ಲಿ ಬ್ರಷ್ ಇಟ್ಟುಕೊಂಡೇ ತಲೆಯಾಡಿಸಿದರು. ನಾವಿಬ್ಬರೂ ಬಾಗಿಲಲ್ಲಿ ಒಂದಿಷ್ಟು ಹೊತ್ತು ನಿಂತು ನೋಡಿದೆವು. ಆಮೇಲೆ ನಾನು ಸದ್ದಾಗದಂತೆ ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಂಡು ಹೊಸ್ತಿಲು ದಾಟಿದೆ.